ಕನ್ನಡಿ ಬಚ್ಚಲಲ್ಲಿದೆ ಸ್ವಾಮಿ

ಗಡಿಯಾರ ರಿಪೇರಿಯವರಿಗೆ ಕೆಟ್ಟ ಕಾಲ ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ, ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ ಪೊಲೀಸಪ್ಪನೊಬ್ಬ ಅವರ ಮೋಟಾರ್ ಸೈಕಲ್ಲಿಗೆ ಕೈ ಅಡ್ಡ ಹಿಡಿದಾಗ.

"ಕನ್ನಡಿ ಎಲ್ರೀ?" ಎಂದು ಆತ ಹ್ಯಾಂಡಲಿನ ಎರಡೂ ಕಡೆ ಹುಡುಕುನೋಟ ಹರಿಸಿ ಕೇಳಿದ.

ಗಡಿಯಾರದವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. "ಬಚ್ಚಲಲ್ಲಿದೆ ಸ್ವಾಮಿ" ಎಂದರು.

ಹಿಂದೆ ಕುಳಿತಿದ್ದ ಹೆಂಡತಿ ಅವರ ಸೊಂಟ ಚಿವುಟಿದಳು. ಚಿವುಟಿದರೆ 'ಬಾಯಿ ಮುಚ್ಚಿಕೊಂಡಿರಿ' ಎಂದರ್ಥ. ಆದರೆ ಚಿವುಟು ಬಂದದ್ದು ಮಾತು ಹೊರಟ ಮೇಲೆ.

"ಬಚ್ಚಲಲ್ಲಿ ಯಾಕಿದೆ?"

"ಅಲ್ಲಿನ ಕನ್ನಡಿ ಬಿದ್ದು ಒಡೆದುಹೋಯ್ತು. ಗಡ್ಡ ಮಾಡ್ಕೊಳ್ಳೋಕೆ ಅಂತ ಇದನ್ನೇ ಬಿಚ್ಚಿ ಅಲ್ಲಿ ಹಾಕ್ಕೊಂಡೆ." (ಮತ್ತೊಂದು ಚಿವುಟು. ಇದೂ ತಡ.)

"ಇನ್ನೊಂದು ಕನ್ನಡಿ?"

"ಅದನ್ನ ನಮ್ಮ ಗೇಟು ತಿಂದು ಎಷ್ಟೋ ಕಾಲ ಆಯ್ತು."

ಪೊಲೀಸಪ್ಪ ನಿಟ್ಟುಸಿರುಬಿಟ್ಟು ಲೈಸೆನ್ಸ್ ಕೇಳಿದ. ಕೊಟ್ಟರು. ಅದರಲ್ಲಿದ್ದ ಫೋಟೋವನ್ನೂ ಎದುರಿಗಿದ್ದ ಮುಖವನ್ನೂ ಆತ ಬಹಳ ಹೊತ್ತು ಹೋಲಿಸಿ ನೋಡಿದ. ಫೋಟೋದವನಿಗೆ ತಲೆತುಂಬ ಗುಂಗುರು ಕೂದಲು.

"ಇದು ನಿಮ್ಮ ಮಗಂದಾ?"

"ನಂದೇ."

"ಹಾಗಾದ್ರೆ ಇದರ ಅವಧಿ ನಿಮ್ಮ ಕೂದಲಿನ ಜೊತೇಲೇ ಮುಗಿದಿದೆ ಯಜಮಾನ್ರೇ."

ಊರಿನ ಗೋಡೆ ಗಡಿಯಾರಗಳನ್ನೂ ಕೈಗಡಿಯಾರಗಳನ್ನೂ ಸರಿಯಾದ ವೇಳೆಗೆ ಹೊಂದಿಸಿಕೊಟ್ಟ ಮನುಷ್ಯ ತನ್ನ ಲೈಸೆನ್ಸಿನ ವೇಳೆಯನ್ನು ನೋಡಿರಲಿಲ್ಲ. ಅಷ್ಟು ಹಳಸಿದ್ದನ್ನು ಮುದ್ರೆ ಒತ್ತಿ ಮುಂದುವರಿಸಲು ಬರುವುದಿಲ್ಲವಂತೆ. ಹೊಸದಾಗಿ ಪರೀಕ್ಷೆ ಕೊಡಬೇಕು. ಪರೀಕ್ಷೆಗೆ ಮೊದಲು ಸವಾರರ ಸುರಕ್ಷತಾ ತರಬೇತಿಗೆ ಹೋಗಬೇಕು. ಅಲ್ಲಿಯವರೆಗೆ ಗಾಡಿ ಹತ್ತುವಂತಿಲ್ಲ.

ಗಂಡ ಹೆಂಡತಿ ಗಾಡಿಯನ್ನು ತಳ್ಳಿಕೊಂಡು ಮನೆಗೆ ಬಂದರು. ಅಂದು ಬಿಸಿಲೂ ಇರಲಿಲ್ಲ, ಮಳೆಯೂ ಬರಲಿಲ್ಲ. ಆಕಾಶ ಒಗೆಯಲು ನೆನೆಹಾಕಿದ ಬಟ್ಟೆಯ ಹಾಗೆ ತಲೆಯ ಮೇಲೆ ತೂಗುತ್ತಿತ್ತು. ಇಬ್ಬರ ಮುಖವೂ ಅದಕ್ಕೆ ಹೊಂದುವಂತೆ ಇತ್ತು.

ಒಂದು ಲೈಸೆನ್ಸಿಗಾಗಿ ಇಷ್ಟೊಂದು ಮುಖ ಬಾಡಿಸಿಕೊಳ್ಳಬೇಕೇ ಎಂದು ಕೇಳುವವರು ಆ ಮನೆಯನ್ನು ಒಮ್ಮೆ ನೋಡಬೇಕು. ಎರಡೇ ಕೋಣೆ. ಎರಡಕ್ಕೂ ನಡುವೆ ಬಾಗಿಲಿಲ್ಲದ ಬಾಗಿಲು. ಆ ಬಾಗಿಲ ಪಕ್ಕದಲ್ಲಿ ಮಂಚ. ಮಂಚದ ಮೇಲೆ ಗಡಿಯಾರದವರ ತಾಯಿ. ಆ ತಾಯಿಗೆ ಕಣ್ಣು ಮಂದವಾಗಿತ್ತು, ಮಂಡಿ ಸೋತಿತ್ತು, ಹಲ್ಲು ಹೋಗಿತ್ತು. ಇವೆಲ್ಲವುಗಳ ಶಕ್ತಿಯೂ ಹೋಗಿ ಕಿವಿಯಲ್ಲಿ ಸೇರಿಕೊಂಡಿತ್ತು. ಅಡುಗೆಮನೆಯಲ್ಲಿ ಗಂಡ ಹೆಂಡತಿಯ ಕಿವಿಯಲ್ಲಿ ಏನಾದರೂ ಉಸುರಿದರೆ ಮಂಚದಿಂದ ಉತ್ತರ ಬರುತ್ತಿತ್ತು.

"ಈ ಪರದೆ ಬದಲಾಯಿಸೋಣ್ವೇನ್ರೀ?" ಎಂದು ಹೆಂಡತಿ ಪಿಸುಗುಟ್ಟಿದರೆ,

"ಪರದೆಗೇನಾಗಿದೆ ರೋಗ? ಚೆನ್ನಾಗೇ ಇದೆ" ಎಂದು ಮಂಚ ತೀರ್ಪು ಕೊಡುತ್ತಿತ್ತು.

ಆದುದರಿಂದ ಮದುವೆಯಾದ ಹೊಸತರಿಂದಲೂ ಆ ದಂಪತಿಗಳಿಗೆ ಏಕಾಂತಭವನವೆಂದರೆ ಮೋಟಾರ್ ಸೈಕಲ್ಲು. ಪ್ರತಿ ಭಾನುವಾರ ಊರಾಚೆ ಇರುವ ಹೆಂಡತಿಯ ಅಕ್ಕನ ಮನೆಗೆ ಹೋಗುವುದು, ಬರುವುದು. ಅಕ್ಕನ ಮನೆ ನೆಪ, ದಾರಿಯೇ ಮುಖ್ಯ. ಮೊದಮೊದಲು ಮಾತನಾಡುತ್ತಲೇ ಹೋಗುತ್ತಿದ್ದರು. ಆಮೇಲೆ ಹೆಲ್ಮೆಟ್ ಬಂತು, ಎಂಜಿನ್ನಿಗೆ ವಯಸ್ಸಾಗಿ ಕೆಮ್ಮು ಹಿಡಿಯಿತು, ಮಾತು ಕೇಳಿಸದಾಯಿತು. ಅದೇ ಕಾಲಕ್ಕೆ ಗಡಿಯಾರದವರ ಕತ್ತೂ ಕೈಕೊಟ್ಟಿತು. ಜೀವಮಾನವಿಡೀ ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಸಾಸಿವೆಯಷ್ಟು ತಿರುಪುಗಳ ಮೇಲೆ ಬಗ್ಗಿ ಕೂತ ಕತ್ತು ಅದು. ಕೆಳಗೆ ಎಷ್ಟು ಬೇಕಾದರೂ ಬಗ್ಗುತ್ತಿತ್ತು, ಪಕ್ಕಕ್ಕೆ ಮಾತ್ರ ತಿರುಗಲೊಲ್ಲದು.

ಆಗ ಹೆಂಡತಿ ಅವರ ಹಿಂಗಣ್ಣಾದಳು. ಬಲಭುಜಕ್ಕೆ ತಟ್ಟಿದರೆ ಬಲಗಡೆ ವಾಹನ ಬರುತ್ತಿದೆ. ಎಡಭುಜಕ್ಕೆ ತಟ್ಟಿದರೆ ಎಡಗಡೆ. ಬೆನ್ನಿಗೆ ಗೆಣ್ಣಿನಿಂದ ಕುಟ್ಟಿದರೆ ನಿಧಾನ. ಎರಡೂ ಭುಜಕ್ಕೆ ಒಟ್ಟಿಗೆ ಬಿದ್ದರೆ ತಕ್ಷಣ ನಿಲ್ಲಿಸಬೇಕು. ಸೊಂಟಕ್ಕೆ ಚಿವುಟಿದರೆ ಏನೆಂದು ಆಗಲೇ ಹೇಳಿದೆ. ಹೀಗೆ ರಸ್ತೆಗಾಗಿ ಹುಟ್ಟಿದ ಭುಜಶಾಸ್ತ್ರ ಬರುಬರುತ್ತ ಸಂಸಾರಕ್ಕೂ ಹಬ್ಬಿತು. ಬೆರಳಿನಿಂದ ಬೆನ್ನಮೇಲೆ ಅಡ್ಡಗೆರೆ ಎಳೆದರೆ 'ಅತ್ತೆ ಬೆಳಿಗ್ಗೆ ಅಂದದ್ದು ಮನಸ್ಸಿಗೆ ಹಿಡಿಸಲಿಲ್ಲ'. ಅಂಗೈಯನ್ನು ಸುಮ್ಮನೆ ಇಟ್ಟು ಹಾಗೇ ಬಿಟ್ಟರೆ, 'ಹೋಗಲಿ ಬಿಡಿ'. ಮನೆಯಲ್ಲಿ ವಾರವೆಲ್ಲ ಹೂಂ, ಉಹೂಂ ಎಂದು ದಿನ ಕಳೆದ ಇಬ್ಬರು ಭಾನುವಾರ ಆ ಸೀಟಿನ ಮೇಲೆ ಮನಸ್ಸು ಬಿಚ್ಚುತ್ತಿದ್ದರು. ಈಗ ಆ ಸೀಟಿಗೇ ಬೀಗ ಬಿದ್ದಿತ್ತು.

"ತರಬೇತಿಗೆ ಹೋಗಿ" ಎಂದಳು ಹೆಂಡತಿ, ಅಡುಗೆಮನೆಯಲ್ಲಿ, ಬಹಳ ಮೆಲ್ಲಗೆ.

"ಹೋಗ್ಲಿ. ಮನೇಲಿ ಕೂತು ಮಾಡೋದೇನಿದೆ?" ಎಂದಿತು ಮಂಚ.

ತರಬೇತಿ ನಡೆಯುತ್ತಿದ್ದದ್ದು ಬಸ್ ಡಿಪೋ ಹಿಂದಿನ ಬಯಲಿನಲ್ಲಿ. ನೆಲದ ಮೇಲೆ ಸುಣ್ಣದ ಗೆರೆಗಳು, ಕೆಂಪು ರಬ್ಬರಿನ ಶಂಕುಗಳು. ಕಲಿಸುವವರು ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ದಪ್ಪ ಮನುಷ್ಯ. ಪ್ರತಿ ವಾಕ್ಯಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಊದುತ್ತಿದ್ದುದರಿಂದ ಕಲಿಯುವವರೆಲ್ಲ ಅವರನ್ನು ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಜೊತೆಯಲ್ಲಿ ಕಲಿಯಲು ಬಂದವರು ಮೀಸೆ ಆಗತಾನೇ ಮೂಡಿದವರು; ಅವರ ಮಧ್ಯೆ ಗಡಿಯಾರದವರು ಹಳೇ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸಾಮಾನಿನ ಹಾಗೆ ನಿಂತಿದ್ದರು.

ಅವರ ಸರದಿ ಬಂತು. ನೇರವಾಗಿ ಚೆನ್ನಾಗಿಯೇ ಹೋದರು. ಬಲಕ್ಕೆ ತಿರುಗುವ ಜಾಗದಲ್ಲಿ ನಿಂತರು. ನಿಂತೇ ಇದ್ದರು. ಹಿಂದೆ ಸಾಲು ಬೆಳೆಯಿತು.

ಸೀಟಿ ಮೊಳಗಿತು. "ಯಾಕ್ರೀ ನಿಂತ್ರಿ? ಗಾಡಿ ಕೆಟ್ಟಿತಾ?"

"ಇಲ್ಲ. ಭುಜ..."

"ಭುಜಕ್ಕೇನಾಯ್ತು?"

"ಏನೂ ಆಗ್ಲಿಲ್ಲ. ಅದೇ ತೊಂದ್ರೆ."

ಭುಜಶಾಸ್ತ್ರವನ್ನೆಲ್ಲ ವಿವರಿಸಬೇಕಾಯಿತು. (ಚಿವುಟುವುದನ್ನು ಬಿಟ್ಟು. ಅಷ್ಟು ಬುದ್ಧಿ ಅವರಿಗಿತ್ತು.) ಮೀಸೆ ಮೂಡುತ್ತಿದ್ದವರು ಹೆಲ್ಮೆಟ್ಟಿನೊಳಗೆ ಮುಖ ಅಡಗಿಸಿ ನಕ್ಕರು. ಸೀಟಿ ಮೇಷ್ಟ್ರು ನಗಲಿಲ್ಲ. ಅವರು ಆಸ್ಪತ್ರೆಯ ವೈದ್ಯರ ಹಾಗೆ ಮುಖ ಗಂಭೀರ ಮಾಡಿಕೊಂಡರು.

"ನೋಡಿ ಯಜಮಾನ್ರೇ, ಹಿಂದೆ ಕೂತೋರು ಲಗೇಜು ಇದ್ದ ಹಾಗೆ. ಜೀವ ಇರೋ ಲಗೇಜು ಅಷ್ಟೆ. ಅಲ್ಲಾಡದೆ ಕೂತ್ರೆ ಅವರ ಕೆಲಸ ಮುಗೀತು. ನೋಡೋದು ನಿಮ್ಮ ಕೆಲಸ. ಮೊದಲು ಕನ್ನಡಿ ನೋಡಿ, ಆಮೇಲೆ ಕತ್ತು ತಿರುಗಿಸಿ ನೋಡಿ, ಆಮೇಲೇ ತಿರುಗಿ. ಏನು?"

"ಕನ್ನಡಿ, ಕತ್ತು, ತಿರುವು" ಎಂದು ಗಡಿಯಾರದವರು ಮಗ್ಗಿ ಒಪ್ಪಿಸಿದರು.

ಕನ್ನಡಿಯನ್ನು ಬಚ್ಚಲಿನಿಂದ ತಂದು ಗಾಡಿಗೆ ಮರಳಿ ಕೂರಿಸಿದವಳು ಹೆಂಡತಿಯೇ. ಗೇಟು ತಿಂದದ್ದರ ಬದಲಿಗೆ ಹೊಸದೊಂದನ್ನೂ ತರಿಸಿದಳು. ಅಂದಿನಿಂದ ಗಡಿಯಾರದವರು ಕನ್ನಡಿಯಿಲ್ಲದೆ ಅಂದಾಜಿನ ಮೇಲೆ ಗಡ್ಡ ಮಾಡಿಕೊಂಡು, ಕೆನ್ನೆಗೆ ಕಾಗದದ ಚೂರು ಅಂಟಿಸಿಕೊಂಡು ತರಬೇತಿಗೆ ಹೋದರು. ಸಂಜೆ ಅವರ ಕತ್ತಿಗೆ ಬಿಸಿನೀರಿನ ಬಟ್ಟೆ ಇಟ್ಟು, ಎಣ್ಣೆ ತಿಕ್ಕಿ, ಎಡಕ್ಕೆ ಒಂದು ಲೋಟ ಬಲಕ್ಕೆ ಒಂದು ಲೋಟ ಇಟ್ಟು, "ಈಗ ಇದನ್ನ ನೋಡಿ, ಈಗ ಅದನ್ನ ನೋಡಿ" ಎಂದು ಕತ್ತಿನ ಕಸರತ್ತು ಮಾಡಿಸಿದವಳೂ ಅವಳೇ. ಗಡಿಯಾರದವರು ಹಲ್ಲು ಕಚ್ಚಿ ಎಡಕ್ಕೂ ಬಲಕ್ಕೂ ತಲೆ ಆಡಿಸುತ್ತಿದ್ದರು. ಮಂದಗಣ್ಣಿನ ತಾಯಿಗೆ ಅದು ಬೇರೆಯೇ ಆಗಿ ಕಾಣುತ್ತಿತ್ತು.

"ಅವಳು ಏನು ಕೇಳಿದ್ರೂ ಬೇಡ ಬೇಡ ಅಂತೀಯಲ್ಲೋ! ಒಂದು ಲೋಟ ಕಾಫಿ ಕುಡಿದ್ರೆ ನಿನ್ನ ಗಂಟೇನು ಹೋಗತ್ತೆ?"

ತುಕ್ಕು ಹಿಡಿದ ಕೀಲು ಎಣ್ಣೆ ಕುಡಿದು ಬಿಡುವಂತೆ ಕತ್ತು ದಿನಕ್ಕೆ ಕೂದಲೆಳೆಯಷ್ಟು ಬಿಟ್ಟುಕೊಂಡಿತು. ಒಂದು ಸಂಜೆ ಬಲಗಡೆಯ ಲೋಟ ಪೂರ್ತಿಯಾಗಿ ಕಂಡಾಗ ಗಡಿಯಾರದವರು ಮಗುವಿನ ಹಾಗೆ ಕೂಗಿಕೊಂಡರು. ಹೆಂಡತಿ ನಕ್ಕಳು. ನಕ್ಕವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಹಳ ಹೊತ್ತು ಅವನ್ನೇ ತೊಳೆಯುತ್ತಿದ್ದಳು. ಅದನ್ನು ನೋಡಲು ಕತ್ತು ತಿರುಗಿಸಬೇಕಾಗಿತ್ತು, ಗಡಿಯಾರದವರು ತಿರುಗಿಸಲಿಲ್ಲ.

ಪರೀಕ್ಷೆಯಲ್ಲಿ ಗೆದ್ದರು. ಹೊಸ ಲೈಸೆನ್ಸ್ ಬಂತು, ಬೋಳುತಲೆಯ ಹೊಸ ಫೋಟೋ ಸಮೇತ. ಊಟಕ್ಕೆ ಕುಳಿತಾಗ ಗಡಿಯಾರದವರಿಗೆ ಎಂದೂ ಬಾರದ ಮಾತು ಉಕ್ಕಿ ಬಂತು. ಸೀಟಿ ಮೇಷ್ಟ್ರ ಗುಣಗಾನ ಮಾಡಿದರು. ಕನ್ನಡಿ, ಕತ್ತು, ತಿರುವು ಎಂದು ಅಭಿನಯಿಸಿ ತೋರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು.

"ಇನ್ಮೇಲೆ ನಿಂಗೇನೂ ಕಷ್ಟ ಇಲ್ಲ ಕಣೇ. ಹಿಂದೆ ಕೂತೋರು ಲಗೇಜು ಇದ್ದ ಹಾಗಂತೆ. ಸುಮ್ನೆ ಕೂತ್ಕೋ."

ಹೆಂಡತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲಿ ನಿಂತಿತು. ಚಿವುಟಬೇಕಾದವಳು ಈಗ ಹಿಂದೆ ಇರಲಿಲ್ಲ, ಎದುರಿಗಿದ್ದಳು.

"ಏನಂದ? ಲಗೇಜಾ?" ಎಂದರು ತಾಯಿ, ಮಂಚದಿಂದ. ಆ ಮನೆಯ ಚರಿತ್ರೆಯಲ್ಲಿ ಮೊಟ್ಟಮೊದಲ ಬಾರಿಗೆ ಅವರು ಸೊಸೆಯ ಪಕ್ಷ ವಹಿಸಿದರು. "ನಿಮ್ಮಪ್ಪನೂ ನನ್ನ ಹೀಗೆ ಅಂದಿರ್ಲಿಲ್ವೋ!"

"ತಮಾಷೆಗಮ್ಮಾ..."

"ಲಗೇಜಿಗೆ ತಮಾಷೆ ಅರ್ಥ ಆಗಲ್ಲ" ಎಂದು ಹೆಂಡತಿ ಉಳಿದ ಅನ್ನವನ್ನು ಅವರ ತಟ್ಟೆಗೆ ಬಡಿಸಿ ಎದ್ದುಹೋದಳು.

ಆದರೂ ಭಾನುವಾರ ಗಾಡಿ ಹತ್ತಿದಳು. ವೃತ್ತದ ಹತ್ತಿರ ಬಲಗಡೆಯಿಂದ ವ್ಯಾನೊಂದು ಬಂತು. ಅವಳ ಕೈ ಭುಜದ ಕಡೆ ಏಳುವುದರೊಳಗೆ ಗಡಿಯಾರದವರು ಕತ್ತು ತಿರುಗಿಸಿ, ಹೆಲ್ಮೆಟ್ಟಿನ ಗಾಜೆತ್ತಿ, "ನೋಡಿದೆ, ನೋಡಿದೆ!" ಎಂದು ಕೂಗಿದರು. ಎಡಗಡೆಯಿಂದ ಸೈಕಲ್ಲು ಬಂತು. "ನೋಡಿದೆ!" ಗುಂಡಿ ಬಂತು. "ನೋಡಿದೆ!" ಗಂಡ ಹೀಗೆ ಜಗತ್ತನ್ನೆಲ್ಲ ತಾನೇ ನೋಡಿಬಿಟ್ಟರೆ ಹೆಂಡತಿಗೆ ನೋಡಲು ಏನು ಉಳಿಯುತ್ತದೆ? ಅವಳ ಕೈ ಮೊದಲು ಮಡಿಲಿಗೆ ಇಳಿಯಿತು. ಆಮೇಲೆ ಸೀಟಿನ ಹಿಂದಿನ ಕಬ್ಬಿಣದ ಸರಳನ್ನು ಹಿಡಿದುಕೊಂಡಿತು. ಹೋಗುವಾಗಲೂ ಬರುವಾಗಲೂ ಅಲ್ಲೇ ಇತ್ತು. ಬೆನ್ನಿನ ಮೇಲೆ ಒಂದು ಅಡ್ಡಗೆರೆ ಕೂಡ ಬೀಳಲಿಲ್ಲ.

ಮುಂದಿನ ಭಾನುವಾರ ಆಕೆ ಚೀಲ ಹಿಡಿದು ಹೊಸ್ತಿಲ ಬಳಿ ನಿಂತು, "ನಾನು ಬಸ್ಸಲ್ಲಿ ಹೋಗ್ತೀನಿ" ಎಂದಳು.

"ಯಾಕೆ? ಗಾಡಿ ಇದೆಯಲ್ಲ?"

"ಲಗೇಜು ಬಸ್ಸಲ್ಲೂ ಹೋಗತ್ತೆ."

ಗಡಿಯಾರದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಗಾಡಿ ಹತ್ತಿ ಬಸ್ಸಿನ ಹಿಂದೆಯೇ ಹೊರಟರು, ತರಬೇತಿಯಲ್ಲಿ ಹೇಳಿಕೊಟ್ಟಷ್ಟು ಅಂತರ ಬಿಟ್ಟು. ಹೆಂಡತಿ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕುಳಿತಿದ್ದಳು. ಧೂಳುಹಿಡಿದ ಹಿಂಗಾಜಿನಲ್ಲಿ ಅವಳ ಮುಖ ಹಳೆಯ ಫೋಟೋದ ಹಾಗೆ ಕಾಣುತ್ತಿತ್ತು. ಅಷ್ಟರಲ್ಲಿ ಲಾರಿಯೊಂದು ಗಡಿಯಾರದವರ ಬಲಗಡೆಯಿಂದ ನುಗ್ಗಿ ಬಂತು. ಗಾಜಿನಾಚೆ ಅವಳ ಕೈ ಥಟ್ಟನೆ ಎದ್ದಿತು. ಗೆಣ್ಣುಗಳು ಗಾಜನ್ನು ಕುಟ್ಟಿದವು. ಸದ್ದು ಇವರಿಗೆ ಕೇಳಿಸಲಿಲ್ಲ. ಇವರು ಕನ್ನಡಿಯಲ್ಲಿ ಲಾರಿಯನ್ನು ಮೊದಲೇ ನೋಡಿ ಶಿಸ್ತಾಗಿ ಪಕ್ಕಕ್ಕೆ ಸರಿದಿದ್ದರು. ಲಾರಿ ಹೋಯಿತು. ಅವಳು ಕೈ ಇಳಿಸಿ ಮುಂದಕ್ಕೆ ತಿರುಗಿ ಕುಳಿತಳು.

ಆ ಊರಿನಲ್ಲಿ ಅಂದು ಅವರಷ್ಟು ಸುರಕ್ಷಿತನಾದ ಸವಾರ ಇನ್ನೊಬ್ಬನಿರಲಿಲ್ಲ. ಅಷ್ಟು ಒಂಟಿಯೂ ಇರಲಾರ. ಬೆನ್ನಿಗೆ ಗಾಳಿ ಹೊಡೆಯುತ್ತಿತ್ತು. ಇಷ್ಟು ಕಾಲ ಅಲ್ಲಿಗೆ ಗಾಳಿ ತಾಕಿದ್ದೇ ಅವರಿಗೆ ನೆನಪಿರಲಿಲ್ಲ.

ಮನೆಯಲ್ಲೂ ಮಾತು ಸತ್ತುಹೋಯಿತು. ಎಷ್ಟರಮಟ್ಟಿಗೆ ಎಂದರೆ ಕೇಳಿಸಿಕೊಳ್ಳಲು ಏನೂ ಸಿಗದೆ ತಾಯಿಗೆ ಹೊತ್ತು ಹೋಗುವುದು ಕಷ್ಟವಾಯಿತು. "ಏನಾದ್ರೂ ಪಿಸುಗುಟ್ರೋ! ನಾನು ಮಧ್ಯೆ ಬಾಯಿ ಹಾಕಲ್ಲ" ಎಂದು ಗೋಗರೆದರು. ಯಾರೂ ಪಿಸುಗುಟ್ಟಲಿಲ್ಲ.

ಭೂತಗಾಜು ಸಿಕ್ಕಿಸಿಕೊಂಡು ಕುಳಿತಿದ್ದಾಗ ಗಡಿಯಾರದವರಿಗೆ ಒಂದು ಉಪಾಯ ಹೊಳೆಯಿತು. ನೋಡಿದ್ದೇ ತಪ್ಪಾದರೆ, ನೋಡದಿದ್ದರಾಯಿತು! ಹೆಂಡತಿಯನ್ನು ಹೇಗಾದರೂ ಹಿಂದೆ ಕೂರಿಸಿಕೊಳ್ಳಬೇಕು. ಎದುರಿಗೆ ಏನು ಬಂದರೂ ಕಾಣದವರ ಹಾಗೆ ಹೋಗುತ್ತಿರಬೇಕು. ಅವಳು ತಟ್ಟಲೇಬೇಕಾಗುತ್ತದೆ. ಒಮ್ಮೆ ತಟ್ಟಿದಳೋ, ಮುಂದಿನದೆಲ್ಲ ಸಲೀಸು.

ನೆಪವೂ ಸಿಕ್ಕಿತು. ದಂತವೈದ್ಯರೊಬ್ಬರ ಗೋಡೆ ಗಡಿಯಾರ ರಿಪೇರಿಯಾಗಿ ಕುಳಿತಿತ್ತು. ಲೋಲಕವಿದ್ದ, ಮರದ ಗೂಡಿನ, ಅವರ ತಾತನ ಕಾಲದ ಗಡಿಯಾರ. ಅಲುಗದಂತೆ ನೆಟ್ಟಗೆ ಒಯ್ದು ಮುಟ್ಟಿಸಬೇಕು.

"ಹಿಂದೆ ಕೂತು ಹಿಡ್ಕೊಳ್ಳೋಕೆ ಒಬ್ರು ಬೇಕಿತ್ತು" ಎಂದರು, ಗೋಡೆಯ ಕಡೆ ನೋಡುತ್ತ.

"ಲಗೇಜಿನ ಕೈಯಲ್ಲಿ ಲಗೇಜು ಕೊಡ್ತೀರಾ?"

"ಆ ಡಾಕ್ಟ್ರು ಕಾಯ್ತಿದ್ದಾರೆ ಕಣೇ. ಅವರ ತಾತನ ಗಡಿಯಾರ."

ತಾತನ ಹೆಸರು ಕೇಳಿ ಅವಳ ಮನಸ್ಸು ಕರಗಿತು. ಗಡಿಯಾರವನ್ನು ಮಗುವಿನ ಹಾಗೆ ಎರಡೂ ತೋಳಿನಲ್ಲಿ ಅಪ್ಪಿಕೊಂಡು ಕುಳಿತಳು. ಆಕಾಶ ಅಂದೂ ನೆನೆಹಾಕಿದ ಬಟ್ಟೆಯೇ.

ಮೊದಲ ತಿರುವಿನಲ್ಲಿ ಸೈಕಲ್ ಸವಾರನೊಬ್ಬ ಅಡ್ಡ ಬಂದ. ಗಡಿಯಾರದವರು ಕತ್ತು ತಿರುಗಿಸಲಿಲ್ಲ, ವೇಗ ತಗ್ಗಿಸಲಿಲ್ಲ. ಭುಜವನ್ನು ಸ್ವಲ್ಪ ಮೇಲೆತ್ತಿ ಕಾದರು. ತಟ್ಟು ಬರಲಿಲ್ಲ. ಸೈಕಲ್ಲಿನವನು ಅವರ ವಂಶವನ್ನೆಲ್ಲ ನೆನೆದು ಪಾರಾದ. ಎರಡನೆಯದಾಗಿ ನೀರಿನ ಟ್ಯಾಂಕರ್ ಬಂತು. ಅಷ್ಟು ದೊಡ್ಡ ಟ್ಯಾಂಕರಿಗೂ ತಟ್ಟಲಿಲ್ಲ. ಕೊನೆ ಗಳಿಗೆಯಲ್ಲಿ ಇವರೇ ಪಕ್ಕಕ್ಕೆ ಎಳೆದುಕೊಳ್ಳಬೇಕಾಯಿತು. 'ಕಲ್ಲುಮನಸ್ಸಿನವಳು! ನಾನು ಟ್ಯಾಂಕರಿನ ಕೆಳಗೆ ಹೋದರೂ ಇವಳಿಗೆ ಚಿಂತೆಯಿಲ್ಲ' ಎಂದು ಅವರ ಕಣ್ಣಲ್ಲಿ ನೀರಾಡಿತು. ಹಿಂದಿನಿಂದ "ರೀ! ರೀ!" ಎಂಬ ಕೂಗು ಎದ್ದದ್ದು ಹೆಲ್ಮೆಟ್ಟನ್ನೂ ಎಂಜಿನ್ನಿನ ಕೆಮ್ಮನ್ನೂ ದಾಟಿ ಅವರಿಗೆ ಮುಟ್ಟಲಿಲ್ಲ.

ವೃತ್ತ ಬಂತು. ಎದುರಿಗೆ ಕಾರೊಂದು ಆಮೆಯ ಹಾಗೆ ತೆವಳುತ್ತಿತ್ತು. ಅದರ ಬೆನ್ನಿಗೆ 'ಕಲಿಯುವವರು' ಎಂದು ಕೆಂಪಕ್ಷರದ ಹಲಗೆ. ರಸ್ತೆಯ ಆ ತುದಿಯಲ್ಲಿದ್ದಾಗಲೇ ಗಡಿಯಾರದವರು ಅದನ್ನು ನೋಡಿದ್ದರು. ಹಲಗೆಯ ಒಂದು ಮೊಳೆ ಸಡಿಲವಾಗಿದ್ದುದನ್ನೂ ನೋಡಿದ್ದರು. ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಆದರೆ ಹಟ ಬಂದಿತ್ತು. ತಟ್ಟುವವರೆಗೂ ಬ್ರೇಕ್ ಮುಟ್ಟುವುದಿಲ್ಲ ಎಂದುಕೊಂಡರು. ಹಲಗೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಕೆಂಪಕ್ಷರಗಳು ದೊಡ್ಡವಾದವು.

ಆಗ ಎರಡೂ ಭುಜಗಳ ಮೇಲೆ ಎರಡು ಮುಷ್ಟಿ ಒಟ್ಟಿಗೆ ಬಿದ್ದವು, ಮೂಳೆ ಅದುರುವ ಹಾಗೆ.

ಆ ಕ್ಷಣದಲ್ಲಿ ಗಡಿಯಾರದವರಿಗೆ ಆದ ಆನಂದವನ್ನು ಹೇಳಲಾಗದು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಎರಡೂ ಕೈ ನನ್ನ ಭುಜದ ಮೇಲಿದ್ದರೆ, ಗಡಿಯಾರ ಎಲ್ಲಿದೆ?

ಅದಕ್ಕೆ ಗಡಿಯಾರವೇ ರಸ್ತೆಯ ಮೇಲಿನಿಂದ ಉತ್ತರ ಕೊಟ್ಟಿತು. ಬಿದ್ದ ಏಟಿಗೆ ಅದು ಒಂದೇ ಸಮನೆ ಗಂಟೆ ಹೊಡೆಯತೊಡಗಿತು. ಬ್ರೇಕ್ ಹಿಡಿದದ್ದು ತಡವಾಗಿ, ಮೋಟಾರ್ ಸೈಕಲ್ಲು ಹಲಗೆಗೆ ಮೆತ್ತಗೆ ಗುದ್ದಿ, ಯೋಚಿಸಿ ಯೋಚಿಸಿ, ಪಕ್ಕಕ್ಕೆ ಮಲಗಿಕೊಂಡಿತು. ಗಂಡ ಹೆಂಡತಿ ಧೂಳಿನಲ್ಲಿ ಕುಳಿತಿದ್ದರು. ಯಾರಿಗೂ ಗಾಯವಾಗಿರಲಿಲ್ಲ, ಕನ್ನಡಿಗಳೆರಡನ್ನು ಬಿಟ್ಟು.

ಕಾರಿನ ಬಾಗಿಲು ತೆರೆಯಿತು. ಇಳಿದು ಬಂದವರ ಕೊರಳಲ್ಲಿ ಸೀಟಿ ಇತ್ತು.

"ಯಜಮಾನ್ರೇ! ನೀವಾ? ಕಾಣಿಸ್ಲಿಲ್ವಾ?"

ಗಡಿಯಾರದವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. "ಕಾಣಿಸ್ತು ಮೇಷ್ಟ್ರೇ. ಅಷ್ಟು ದೂರದಿಂದಲೇ ನೋಡಿದೆ."

ಸೊಂಟಕ್ಕೆ ಚಿವುಟು ಬಂತು. ತಡ.

"ನೋಡಿಯೂ ಗುದ್ದಿದ್ರಾ?"

"ಇವಳು ತಟ್ಟಲಿ ಅಂತ ಕಾಯ್ತಿದ್ದೆ."

ಸೀಟಿ ಮೇಷ್ಟ್ರು ಊದಲೂ ಮರೆತರು. ಅದೇ ವೃತ್ತದ ಅದೇ ಪೊಲೀಸಪ್ಪ ನಿಧಾನವಾಗಿ ನಡೆದು ಬಂದು ಹ್ಯಾಂಡಲನ್ನು ನೋಡಿದ.

"ಈಗಲೂ ಕನ್ನಡಿ ಬಚ್ಚಲಲ್ಲಾ?"

"ಇಲ್ಲ ಸ್ವಾಮಿ. ಈಗ ತಾನೇ ಇಲ್ಲೇ ಇತ್ತು."

ಹೊಸ ಲೈಸೆನ್ಸ್ ಪೊಲೀಸಪ್ಪನ ಜೇಬು ಸೇರಿತು. ಬೇಕೆಂದೇ ಗುದ್ದುವವರನ್ನು ಮೊದಲ ಪಾಠದಿಂದ ಮತ್ತೆ ಕಲಿಯಲು ಕಳಿಸುತ್ತಾರಂತೆ. ಸೀಟಿ ಮೇಷ್ಟ್ರು, "ದಯವಿಟ್ಟು ಬೇರೆ ಬ್ಯಾಚಿಗೆ ಬನ್ನಿ" ಎಂದು ಕೈಮುಗಿದರು.

ದಂಪತಿಗಳು ಗಾಡಿ ತಳ್ಳಿಕೊಂಡು ಹೊರಟರು. ದಂತವೈದ್ಯರ ತಾತನ ಗಡಿಯಾರವನ್ನು ಸೀಟಿಗೆ ಕಟ್ಟಿದ್ದರು. ಗುಂಡಿ ಬಂದಾಗಲೆಲ್ಲ ಅದು ತನಗೆ ತೋಚಿದ ಗಂಟೆ ಹೊಡೆಯುತ್ತಿತ್ತು. ಮತ್ತೆ ಅದನ್ನು ಬಿಚ್ಚಿ ಕೂರಬೇಕು, ಬಗ್ಗಿ ಬಗ್ಗಿ ಕತ್ತು ಮತ್ತೆ ಹಿಡಿದುಕೊಳ್ಳಬೇಕು. ಗಡಿಯಾರದವರು ಹ್ಯಾಂಡಲ್ ಹಿಡಿದು ಎಳೆದರು, ಹೆಂಡತಿ ಅವರ ಬೆನ್ನಹಿಂದೆಯೇ ಸೀಟಿಗೆ ಕೈಕೊಟ್ಟು ತಳ್ಳಿದಳು.

"ಎರಡು ಕೈಗೂ ಗಡಿಯಾರ ಕೊಟ್ಟು, ತಟ್ಟಲಿಲ್ಲ ಅಂತ ಅಳೋ ಗಂಡಸನ್ನ ನಾನೆಲ್ಲೂ ನೋಡ್ಲಿಲ್ಲ" ಎಂದಳು.

"ನಾನು ಅಳ್ಲಿಲ್ಲ."

"ಟ್ಯಾಂಕರ್ ಹತ್ರ ಕನ್ನಡಿಯಲ್ಲಿ ಕಾಣಿಸ್ತು. ನನಗೂ ಕನ್ನಡಿ ನೋಡೋಕೆ ಬರತ್ತೆ."

ಸ್ವಲ್ಪ ದೂರ ಹೋದ ಮೇಲೆ ಬಲಗಡೆ ಹಿಂದಿನಿಂದ ವ್ಯಾನೊಂದು ಬರುತ್ತಿತ್ತು. ಕನ್ನಡಿ ಇಲ್ಲದಿದ್ದರೇನು, ಅಭ್ಯಾಸಬಲದಿಂದ ಗಡಿಯಾರದವರ ಕತ್ತು ತಾನಾಗಿಯೇ ತಿರುಗಿ ಅದನ್ನು ನೋಡಿ ಮುಂದಕ್ಕೆ ಬಂದಿತ್ತು. ಆಗ ಅವರ ಬಲಭುಜದ ಮೇಲೆ ಹಗುರವಾಗಿ ಒಂದು ತಟ್ಟು ಬಿತ್ತು. 'ನೋಡಿದೆ' ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಅವರು ಗಾಡಿಯನ್ನು ಎಡಕ್ಕೆ ಸರಿಸಿದರು.

ವ್ಯಾನು ಹೋಯಿತು.

"ನೋಡಿದ್ರಿ, ಅಲ್ವಾ?" ಎಂದಳು ಹೆಂಡತಿ.

"ಇಲ್ಲ ಕಣೇ. ನಾನೆಲ್ಲಿ ನೋಡಿದೆ?" ಎಂದರು ಗಡಿಯಾರದವರು.

ಮೊದಲೇ ಹೇಳಿದಂತೆ ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಬೆನ್ನಿನ ನಟ್ಟನಡುವೆ ಒಂದು ಗುದ್ದು ಬಿತ್ತು. ಅದು ಅವರ ಭುಜಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲದ ಗುದ್ದು. ಅರ್ಥ ಕೇಳುವ ಧೈರ್ಯ ಅವರಿಗೆ ಇರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.